ದಿನಕ್ಕೆ ನಾಲ್ಕು ತಾಸು, ಎಡಗಡೆ ಗೋಡೆ

ಆಗ ಮಾರ್ಗಶಿರದ ಚಳಿ. ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ಇನ್ನೂ ಒಂದು ವಾರವಿತ್ತು. ಕಂಪ್ಲಿಯ ಕಡೆ ಭತ್ತದ ಕೊಯ್ಲು ಮುಗಿದು ಗದ್ದೆಗಳಲ್ಲಿ ಬರೀ ಕೂಳೆ ನಿಂತಿತ್ತು. ಬೆಳಗಿನ ಹತ್ತಕ್ಕೆ ಹತ್ತು ನಿಮಿಷ ಕಡಿಮೆ ಇರುವಾಗ, ಹೊಸಪೇಟೆಯ ಸ್ಟೇಷನ್ ರಸ್ತೆಯ ಮಹಡಿಯ ಮೇಲಿನ ಆಫೀಸಿನಲ್ಲಿ, ಚೆನ್ನಬಸಮ್ಮ ಮೇಡಂ ನಾಲ್ಕು ಮೇಜುಗಳ ಮೇಲೆ ನಾಲ್ಕು ಪುಟ್ಟ ದೀಪ ಇಡಿಸಿದರು. ಅನ್ನಪೂರ್ಣಳ ಗೊಂದಲ ಶುರುವಾದದ್ದು ಆ ಹೊತ್ತಿಗೇ.

ಅಲ್ಲಿಯ ಕೆಲಸ ನಕ್ಷೆಯದು. ಬಟ್ಟೆಗೆ ಅಂಟಿಸಿದ ಹಳೇ ಕಾಗದಗಳ ಮೇಲಿನ ಕಾಲುವೆ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಗೆರೆ ಗೆರೆಯಾಗಿ ಮತ್ತೆ ಬರೆಯಬೇಕು. ಯಾವ ಕಾಲುವೆಗೆ ಎಲ್ಲಿ ತೂಬು, ಯಾವ ತೂಬಿನಿಂದ ಯಾರ ಹೊಲಕ್ಕೆ ನೀರು, ಎಲ್ಲ ಅದರಲ್ಲಿ ಬರಬೇಕು. ಒಂದು ಚುಕ್ಕೆ ಬಿಟ್ಟರೆ ಒಬ್ಬ ರೈತನ ತೂಬೇ ಮಾಯ. ಹಿಂದಿನ ತಿಂಗಳು ಹನ್ನೊಂದು ಶೀಟು ತಪ್ಪೆಂದು ವಾಪಸು ಬಂದಿದ್ದವು. ಅದರಲ್ಲಿ ಏಳು ಅನ್ನಪೂರ್ಣಳವು.

ಅವಳ ಕೈ ಚೊಕ್ಕ. ತಪ್ಪೆಲ್ಲ ಫೋನಿನದು. ಬಳ್ಳಾರಿಗೆ ಕೊಟ್ಟಿದ್ದ ಅಕ್ಕ ಸುಮಲತಾ ಗಂಟೆಗೊಂದು ಗಂಡಿನ ಫೋಟೊ ಕಳಿಸುತ್ತಿದ್ದಳು. ಒಬ್ಬ ಬೈಕಿನ ಮೇಲೆ, ಒಬ್ಬ ಬಾಳೆತೋಟದಲ್ಲಿ, ಒಬ್ಬ ಯಾರದೋ ಕಾರಿಗೆ ಒರಗಿಕೊಂಡು. ಇಪ್ಪತ್ತೆಂಟು ವಯಸ್ಸಿನ ಅನ್ನಪೂರ್ಣ ಒಂದೊಂದನ್ನೂ ನೋಡಿ, ಬೇಡವೆಂದು ಬರೆದು, ಪರದೆಗೆ ತಿರುಗುವಷ್ಟರಲ್ಲಿ ಒಂದು ತೂಬು ತಪ್ಪಿರುತ್ತಿತ್ತು.

"ಇನ್ಮ್ಯಾಲೆ ಹಿಂಗ ನೋಡ್ರಿ," ಅಂದರು ಮೇಡಂ. "ಈ ಕೀ ಒತ್ತಿದ್ರ ಕೆಂಪು ಹತ್ತತೈತಿ. ಐವತ್ತು ನಿಮಿಷ ನಿಮ್ಮ ಫೋನು ತಾನೇ ಬಂದ್. ಕೆಂಪು ಇರೋತನಕ ಯಾರೂ ಯಾರನ್ನೂ ಮಾತಾಡಿಸಂಗಿಲ್ಲ. ಆಮ್ಯಾಲೆ ಹತ್ತು ನಿಮಿಷ ಹಸಿರು. ಆವಾಗ ಏನು ಬೇಕಾದ್ರೂ ಕೇಳ್ರಿ, ಚಾ ಕುಡೀರಿ, ಹರಟಿ ಹೊಡೀರಿ."

ಕಸ ಗುಡಿಸಿ ಚಹಾ ಕಾಸುವ ಯಲ್ಲಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. "ನನಗೂ ಒಂದು ಕೊಡ್ರಿ ಮೇಡಂ. ಮನ್ಯಾಗ ನಮ್ಮ ಯಜಮಾನ ಬಾಯಿ ತಗದ ಅಂದ್ರ ಕೆಂಪು ಹಚ್ಚತೀನಿ."

ಎಲ್ಲರೂ ನಕ್ಕರು. ನಗು ಮುಗಿದು, ದೀಪದ ಪಾಠ ಮುಗಿದು, ಒಂದು ತಾಸು ಕಳೆದ ಮೇಲೆ ಹೊಸಬ ಬಂದ. ಹೆಸರು ಮೌನೇಶ್, ಊರು ಸಂಡೂರಿನ ಆಚೆ. ತೋರಣಗಲ್ಲಿನ ಒಂದು ಕಾರ್ಖಾನೆಯಲ್ಲಿ ಆರು ವರ್ಷ ಕರೆಂಟಿನ ಪ್ಯಾನೆಲ್ ಕಾದವನು. ಗುತ್ತಿಗೆ ಮುಗಿದು, ನಡುವೆ ಡ್ರಾಯಿಂಗ್ ಕಲಿತು, ಬರೆದ ನಕ್ಷೆಯನ್ನು ಹಳೇ ನಕ್ಷೆಗೆ ಹಿಡಿದು ತಪ್ಪು ಹುಡುಕುವ ಕೆಲಸಕ್ಕೆ ಇಲ್ಲಿ ಸೇರಿದ್ದ. ಅನ್ನಪೂರ್ಣಳ ಎಡಗಡೆಯ ಮೇಜು ಅವನಿಗೆ ಕೊಟ್ಟರು. ಅದರ ಮೇಲೆ ದೀಪವೂ ಇತ್ತು. ಅದರ ಪಾಠ ಮತ್ತೊಮ್ಮೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

*

ಮೊದಲ ದಿನವೇ ಅನ್ನಪೂರ್ಣ ಕೆಂಪು ಹಚ್ಚಿ ಐದು ನಿಮಿಷ ಆಗಿರಲಿಲ್ಲ, ಅವನು ಬಂದು ನಿಂತ. ಮೇಜಿನಿಂದ ಎರಡು ಅಡಿ ದೂರ, ಕೈ ಬೆನ್ನ ಹಿಂದೆ. ಏನನ್ನೂ ಮುಟ್ಟಬಾರದೆಂದು ಯಾರೋ ಹೇಳಿಕೊಟ್ಟ ಹಾಗೆ.

"ಮೇಡಂ, ಹಳೇ ಶೀಟಿನಾಗ ಹದಿನಾಲ್ಕನೇ ತೂಬು ಹುಣಸಿಮರದ ಹತ್ರ ಐತಿ. ನೀವು ಎಲ್ಲಿ ಇಟ್ಟೀರಿ?"

ಅವಳು ಬೆರಳೆತ್ತಿ ದೀಪ ತೋರಿಸಿದಳು.

ಅವನು ದೀಪ ನೋಡಿದ. ಸಮಾಧಾನದಿಂದ ತಲೆಯಾಡಿಸಿದ. "ಹೌದ್ರಿ, ಹತ್ತೈತಿ," ಅಂದು ಅಲ್ಲೇ ನಿಂತ.

ಇಂಥವನಿಗೆ ಏನು ಹೇಳುವುದು? ಹದಿನಾಲ್ಕನೇ ತೂಬು ಹುಡುಕಿ ಕೊಟ್ಟಳು. ಹೋದ. ಐವತ್ತು ನಿಮಿಷ ಕಳೆದು ಹಸಿರು ಹತ್ತಿತು. ಈಗ ಬಂದು ಕೇಳಲಿ ಎಂದು ಕುರ್ಚಿ ತಿರುಗಿಸಿದಳು. ಅವನು ಒಮ್ಮೆ ಹಸಿರು ನೋಡಿ, ಎದ್ದು, ಸದ್ದಿಲ್ಲದೆ ಮೆಟ್ಟಿಲಿಳಿದು ಹೋದ.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಕೆಂಪು ಹತ್ತಿದರೆ ಬರುವನು, ಹಸಿರಾದರೆ ಹೋಗುವನು. ಬೇಕೆಂದೇ ಮಾಡುತ್ತಾನೆಯೇ? ಹಾಗೆನ್ನಲು ಮುಖದಲ್ಲಿ ತುಂಟತನವಿಲ್ಲ. ದಡ್ಡನೇ? ಅವನು ಹಿಡಿದ ತಪ್ಪುಗಳು ಒಂದೂ ಸುಳ್ಳಲ್ಲ. ಸಿಟ್ಟು ಬರಬೇಕಿತ್ತು, ಬಂತು. ಸಿಟ್ಟಿನ ಬೆನ್ನಿಗೇ ಇನ್ನೇನೋ ಒಂದು ಬಂದು ಕೂತಿತು. ಅದು ಏನೆಂದು ಅವಳಿಗೆ ತಿಳಿಯಲಿಲ್ಲ. ಹಸಿರು ಹತ್ತುವ ಹೊತ್ತಿಗೆ ಕೈ ತಾನಾಗಿಯೇ ವೇಲು ಸರಿಮಾಡಿಕೊಳ್ಳುತ್ತಿತ್ತು.

"ಯಾರಿಗಾಗಿ ಅದು?" ಅಂದಳು ಯಲ್ಲಕ್ಕ, ಚಹಾದ ಲೋಟ ಇಡುತ್ತ.

"ಯಾವುದು?"

"ವೇಲು."

"ಚಳಿ ಐತಿ ಯಲ್ಲಕ್ಕ."

"ಹೌದವ್ವ. ಹತ್ತೇ ನಿಮಿಷದ ಚಳಿ."

ಎಳ್ಳಮಾಸಿ ಮುಗಿದ ಮೇಲೆ ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ. ಹಸಿರು ಹತ್ತಿತು, ಅವನು ಎದ್ದ. ಇವಳೂ ಹಿಂದೆಯೇ ಮೆಟ್ಟಿಲಿಗೆ ಬಂದಳು.

"ನಿಂದರ್ರಿ ಸ್ವಲ್ಪ. ಕೆಂಪು ಇದ್ದಾಗ ಬರ್ತೀರಿ, ಹಸಿರು ಕಂಡ್ರ ಓಡ್ತೀರಿ. ನಾನೇನು ಹುಲೀನಾ?"

ಅವನು ಬೆಚ್ಚಿದ. "ಅಲ್ರೀ ಮೇಡಂ, ಹಸಿರು ಅಂದ್ರ ಬಂದ್ ಅಲ್ಲೇನ್ರಿ?"

"ಹಸಿರು ಅಂದ್ರ ಬಂದ್?"

"ಪ್ಯಾನೆಲ್‌ನಾಗ ಹಂಗ ಇರತೈತ್ರಿ. ಕೆಂಪು ಹತ್ತಿದ್ರ ಮಷಿನ್ ಓಡಾಕತ್ತೈತಿ, ಆಪರೇಟರ್ ಹತ್ರ ಇರಬೇಕು. ಹಸಿರು ಹತ್ತಿದ್ರ ಮಷಿನ್ ನಿಂತೈತಿ, ನಾವು ಆ ಕಡಿ ಹೋಗಬೋದು. ಆರು ವರ್ಷ ಅದನ್ನ ಒಂದ ನೋಡೀನ್ರಿ." ಅವನು ತಡೆದು ಕೇಳಿದ. "ಇಲ್ಲಿ ಹಂಗಿಲ್ಲೇನು?"

ಅವಳು ಮೇಡಂ ಹೇಳಿದ್ದನ್ನೆಲ್ಲ ಹೇಳಿದಳು. ಅವಳು ಹೇಳುತ್ತಾ ಹೋದಂತೆ ಅವನ ಕಿವಿ ಕೆಂಪಾದವು. "ಅಂದ್ರ ಇಷ್ಟು ದಿನ ನೀವು 'ಬರಬ್ಯಾಡ' ಅಂದಾಗೆಲ್ಲ ನಾನು ಬಂದು ನಿಂತೀನಿ."

"ಹೂಂ."

"'ಬಾ' ಅಂದಾಗೆಲ್ಲ ಹೋಗೀನಿ."

"ಬಾ ಅಂತ ನಾನೆಲ್ಲಿ ಅಂದೆ?" ಅಂದಳು ಅನ್ನಪೂರ್ಣ, ಅವಸರದಿಂದ.

"ದೀಪ ಅಂತಿತ್ತಲ್ರೀ," ಅಂದ ಮೌನೇಶ್. ನೆಲ ನೋಡುತ್ತಾ ನಕ್ಕ. ಅವನ ನಗುವನ್ನು ಅವಳು ನೋಡಿದ್ದು ಅದೇ ಮೊದಲು.

*

ಆಮೇಲೆ ಅವನು ಹಸಿರಿಗೆ ಬರತೊಡಗಿದ. ತಾಸಿಗೆ ಹತ್ತು ನಿಮಿಷ, ದಿನಕ್ಕೆ ಏಳು ಸಲ. ಎರಡು ಅಡಿಯ ದೂರ ಒಂದೂವರೆಯಾಯಿತು, ಬೆನ್ನ ಹಿಂದಿನ ಕೈ ಮೇಜಿನ ಅಂಚಿಗೆ ಬಂತು. ಕೆಳಗಿನ ಬಂಡಿಯಿಂದ ಕಾಗದದಲ್ಲಿ ಮಂಡಕ್ಕಿ ಒಗ್ಗರಣಿ ಕಟ್ಟಿಸಿ ತರುತ್ತಿದ್ದ, ಮೇಲೆ ಎರಡು ಮಿರ್ಚಿ ಬಜ್ಜಿ. ದೊಡ್ಡ ಮಿರ್ಚಿ ಯಾವುದೆಂದು ಇಬ್ಬರಿಗೂ ಗೊತ್ತು, ಇಬ್ಬರೂ ಅದನ್ನು ಬಿಟ್ಟು ಸಣ್ಣದಕ್ಕೆ ಕೈ ಹಾಕುತ್ತಿದ್ದರು. ಕೊನೆಗೆ ದೊಡ್ಡದನ್ನು ಯಲ್ಲಕ್ಕ ತಿನ್ನುತ್ತಿದ್ದಳು.

ಅಕ್ಕನ ಫೋಟೊಗಳು ಈಗ ಐವತ್ತು ನಿಮಿಷಕ್ಕೊಮ್ಮೆ ಒಟ್ಟಿಗೇ ಬಂದು ಬೀಳುತ್ತಿದ್ದವು. ಅನ್ನಪೂರ್ಣ ತೆರೆದೂ ನೋಡುತ್ತಿರಲಿಲ್ಲ. ಹಾಗಿದ್ದರೆ ತಪ್ಪು ಕಡಿಮೆಯಾಗಬೇಕಿತ್ತಲ್ಲ? ಅರ್ಧಕ್ಕರ್ಧ ಆದವು, ಪೂರ್ತಿ ಹೋಗಲಿಲ್ಲ. ಫೋನು ಮಲಗಿದರೂ ಕಣ್ಣು ಮಲಗಲೊಲ್ಲದು. ಗೆರೆ ಎಳೆಯುತ್ತಾ ಎಳೆಯುತ್ತಾ ಅದು ಎಡಕ್ಕೆ ಜಾರುತ್ತಿತ್ತು. ಅಲ್ಲಿ ಮಡಿಚಿದ ತೋಳು, ಪೆನ್ನಿನ ತುದಿ ಕಚ್ಚುವ ಹಲ್ಲು, ತಪ್ಪು ಸಿಕ್ಕಾಗ ಮೇಲೇರುವ ಒಂದೇ ಹುಬ್ಬು. ಅಷ್ಟರಲ್ಲಿ ಆ ಕಡೆಯ ಕಣ್ಣೂ ಈ ಕಡೆ ಬಂದಿರುತ್ತಿತ್ತು. ಎರಡೂ ಡಿಕ್ಕಿ ಹೊಡೆದು, ಎರಡೂ ತಮ್ಮ ತಮ್ಮ ಪರದೆಗೆ ಓಡುತ್ತಿದ್ದವು. ಯಾರು ಮೊದಲು ನೋಡಿದರು ಎಂಬುದು ಇಬ್ಬರಿಗೂ ಬಗೆಹರಿಯದ ವ್ಯಾಜ್ಯ.

ಸಂಕ್ರಾಂತಿ ಕಳೆಯಿತು. ಕೆಲಸ ಕೊಡುತ್ತಿದ್ದ ದೊಡ್ಡ ಕಂಪನಿಯವರು ಇನ್ನೊಂದು ಸಾಮಾನು ಕಳಿಸಿದರು. ಪ್ರತಿ ಕಂಪ್ಯೂಟರಿನ ನೆತ್ತಿಯ ಮೇಲೆ ಕಡಲೆಕಾಳಿನಷ್ಟು ಕ್ಯಾಮೆರಾ. ಬೆಳಿಗ್ಗೆ ಒಂಬತ್ತೂವರೆಗೆ ತಾನೇ ಕಣ್ಣು ತೆರೆಯುತ್ತದೆ, ಸಂಜೆ ಐದೂವರೆಗೆ ತಾನೇ ಮುಚ್ಚುತ್ತದೆ. ಕೆಂಪು ಉರಿಯುವಷ್ಟು ಹೊತ್ತು ಕೆಲಸಗಾರರ ಕಣ್ಣು ಪರದೆಯ ಮೇಲಿದೆಯೋ ಇಲ್ಲವೋ, ಇಲ್ಲದಿದ್ದರೆ ಯಾವ ದಿಕ್ಕಿಗೆ ಹೋಗಿದೆ ಎಂದು ಬರೆದಿಟ್ಟು ಶನಿವಾರ ಶನಿವಾರ ಲೆಕ್ಕ ಕೊಡುತ್ತದೆ.

ಮೊದಲ ಶನಿವಾರ ಮೇಡಂ ಕನ್ನಡಕ ಏರಿಸಿಕೊಂಡು ಓದಿದರು. "ಆ ಕಡಿ ಇಬ್ಬರು ಚಲೋ ಇದ್ದೀರಿ. ಅನ್ನಪೂರ್ಣ, ನೂರಕ್ಕ ಅರವತ್ತೊಂದು. ಕಣ್ಣು ಎಡಕ್ಕ ಹೋಗ್ತಾವಂತ. ಮೌನೇಶ್, ಎಪ್ಪತ್ತು. ಬಲಕ್ಕ ಹೋಗ್ತಾವಂತ." ಎದ್ದು ನಿಂತು ಕೋಣೆಯನ್ನು ಒಂದು ಕಡೆಯಿಂದ ನೋಡಿದರು. "ಈಕಿ ಎಡಕ್ಕ ಏನೈತಿ? ಕಿಟಕಿ. ಈತನ ಬಲಕ್ಕ ಏನೈತಿ? ಬಾಗಲ. ತಿಳೀತು ಬಿಡು. ಕಿಟಕಿಗೆ ದಪ್ಪನ್ನ ಪರದೆ ಹಾಕಸ್ತೀನಿ. ಬಾಗಲ ಮುಚ್ಚಿರ್ರಿ."

ಯಲ್ಲಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. "ನಡುವ ಏನೈತಿ ಅದನ್ನೂ ನೋಡ್ರಿ ಮೇಡಂ."

"ನಡುವ ಏನೈತಿ? ಎರಡು ಮೇಜು ಅದಾವು," ಅಂದರು ಮೇಡಂ.

ಪರದೆ ಬಂತು, ಬಾಗಿಲು ಮುಚ್ಚಿತು. ಮುಂದಿನ ವಾರ ಅನ್ನಪೂರ್ಣ ಐವತ್ತೆಂಟಕ್ಕೆ ಇಳಿದಳು. ಮೇಡಂಗೆ ತಲೆ ಬುಡ ತಿಳಿಯಲಿಲ್ಲ. "ಮುಚ್ಚಿದ ಕಿಟಕಿನ್ಯಾಗ ಏನು ಕಾಣ್ತತಿ ಇಕಿಗೆ?"

*

ಶಿವರಾತ್ರಿಗೆ ಎಂಟು ದಿನ ಇರುವಾಗ ಮೇಲಿನವರಿಂದ ಕಾಗದ ಬಂತು. ಇನ್ನು ನಾಲ್ಕು ವಾರದ ಲೆಕ್ಕ ನೋಡುತ್ತಾರೆ. ಎಲ್ಲರಿಗಿಂತ ಕೆಳಗಿರುವ ಒಬ್ಬರ ಕುರ್ಚಿ ತೆಗೆಯುತ್ತಾರೆ.

ಹಸಿರು ಹತ್ತಿದಾಗ ಮೌನೇಶ್ ಬಂದ. ಒಗ್ಗರಣಿಯ ಪೊಟ್ಟಣ ಬಿಚ್ಚಿದ. ಅನ್ನಪೂರ್ಣ ಕೈ ಹಾಕಲಿಲ್ಲ.

"ಹೋಗೋದು ನಾನು," ಅಂದಳು.

"ಹಂಗ್ಯಾಕಂತೀರಿ?"

"ಐವತ್ತೆಂಟು ಯಾರದ್ದೈತಿ?" ಅವಳು ಮೇಜಿನ ಮೇಲೆ ಚೆಲ್ಲಿದ ಮಂಡಕ್ಕಿಯನ್ನು ಬೆರಳಿಂದ ಒಂದೊಂದೇ ಸರಿಸಿದಳು. "ಕೆಲಸ ಹ್ವಾದ್ರ ಹೋಗ್ಲಿ ಅನ್ನಬೋದಿತ್ತು. ಆದ್ರ ಉಗಾದಿ ಹೊತ್ತಿಗೆ ನಮ್ಮ ಕಂಪ್ಲಿ ಶೀಟು ಬರ್ತಾವ್ರಿ. ನಮ್ಮಪ್ಪ ಗುಡ್ಡಪ್ಪ ಅಲ್ಲಿ ಮೂವತ್ತು ವರ್ಷ ನೀರುಗಂಟಿ ಇದ್ದ. ಸರದಿ ನೋಡಿ ಹೊಲಹೊಲಕ್ಕ ನೀರು ಬಿಡೋನು. ಕಾಗದದಾಗ ತೂಬಿಗೆ ಬರೇ ನಂಬರ್ ಅದಾವು. ನಮ್ಮಪ್ಪ ಒಂದೊಂದಕ್ಕೂ ಹೆಸರು ಹೇಳ್ತಿದ್ದ. ನನ್ನ ಹೆಗಲ ಮ್ಯಾಲೆ ಕುಂದ್ರಿಸ್ಕೊಂಡು ಕಾಲುವಿ ದಂಡಿಗುಂಟ ಹೋಗ್ತಿದ್ದ. ಅಪ್ಪ ಹ್ವಾದ ಮ್ಯಾಲೆ ಆ ಹೆಸರು ಗೊತ್ತಿರಾಕಿ ನಾನೊಬ್ಬಾಕೀನ. ಬ್ಯಾರೆ ಯಾರಾರ ಬರದ್ರ ನಂಬರ್ ಅಷ್ಟ ಉಳಿತಾವು."

ಮೌನೇಶ್ ಪೊಟ್ಟಣವನ್ನು ಮತ್ತೆ ಮಡಿಚಿದ.

"ಅವ್ವಗ ಹೇಳೀನಿ, ಕಂಪ್ಲಿ ನಕ್ಷೆ ಮುಗಿಯೋತನಕ ಮದಿವಿ ಮಾತು ಎತ್ತಬ್ಯಾಡ ಅಂತ. ಕೆಲಸ ಬಿಡಿಸಿದ್ರು ಅಂದ್ರ ಅಕ್ಕ ತೋರಿಸಿದ ಆ ಬಳ್ಳಾರಿ ಗಂಡಿಗೆ ಹೂಂ ಅನ್ನಬೇಕಾಗ್ತತಿ."

"ಯಾವ ಗಂಡು?"

"ಕಾರಿಗೆ ಒರಗಿದೋನು."

ಅವನು ನಗಲಿಲ್ಲ. "ಆ ಶೀಟು ನೀವ ಬರೀಬೇಕ್ರಿ," ಅಂದ. ಕೆಂಪು ಹತ್ತಿತು. ಎದ್ದು ಹೋದ.

ಸೋಮವಾರದಿಂದ ಅವನು ಅವಳ ಕಡೆ ನೋಡಲಿಲ್ಲ.

ಹಸಿರಿಗೆ ಬರಲಿಲ್ಲ. ಒಗ್ಗರಣಿ ತರಲಿಲ್ಲ. ಕೆಲಸದ ಮಾತೇನಿದ್ದರೂ ಚೀಟಿಯಲ್ಲಿ ಬರೆದು ಇಟ್ಟುಹೋದ. ಕೆಂಪು ಹತ್ತಿದಷ್ಟು ಹೊತ್ತೂ ಕೈ ಮೌಸಿನ ಮೇಲೆ, ಮುಖ ಎಡಗಡೆಯ ಗೋಡೆಗೆ. ಪರದೆ ಹಾಕಿದ ಕಿಟಕಿಯ ಪಕ್ಕದಲ್ಲಿ ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗುತ್ತಿತ್ತು. ಅದನ್ನು ಅವನು ಸಿನಿಮಾ ನೋಡಿದಂತೆ ನೋಡುತ್ತಿದ್ದ.

ಏನಿದೆ ಅದರಲ್ಲಿ? ಬುಧವಾರ ಅವನು ಊಟಕ್ಕೆ ಇಳಿದಾಗ ಅನ್ನಪೂರ್ಣ ಕ್ಯಾಲೆಂಡರಿನ ಹತ್ತಿರ ಹೋಗಿ ನಿಂತಳು. ಮೇಲೆ ಒಂದು ಕೆಂಪು ಟ್ರ್ಯಾಕ್ಟರ್. ಕೆಳಗೆ ತಿಥಿ, ವಾರ, ರಾಹುಕಾಲ. ಹಿಂದಿನ ಹಾಳೆ ತಿರುವಿದಳು, ಮುಂದಿನದು ತಿರುವಿದಳು. ಎಲ್ಲ ತಿಂಗಳಲ್ಲೂ ಅದೇ ಟ್ರ್ಯಾಕ್ಟರ್. ಒಂದು ಟ್ರ್ಯಾಕ್ಟರಿನ ಮೇಲೆ ತನಗೆ ಹೊಟ್ಟೆಕಿಚ್ಚಾಗುತ್ತಿದೆ ಎಂದು ತಿಳಿದಾಗ ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಸಂಜೆ ಮೆಟ್ಟಿಲಲ್ಲಿ ಅಡ್ಡಗಟ್ಟಿದಳು. "ಏನು ನೋಡ್ತೀರಿ ಆ ಗ್ವಾಡಿನ್ಯಾಗ?"

"ಉಗಾದಿ ಯಾವಾಗ ಐತಿ ಅಂತ ನೋಡಾಕತ್ತಿದ್ದೆ."

"ಮುಂಜಾನಿಂದ?"

"ದೂರ ಐತ್ರಿ," ಅಂದು ಪಕ್ಕಕ್ಕೆ ಸರಿದು ಇಳಿದುಹೋದ.

ಉಗಾದಿಗೆ ಏನು? ಊರಲ್ಲಿ ಮದುವೆ ಗೊತ್ತಾಗಿದೆಯೇ? ಹಾಗಿದ್ದರೆ ಇಷ್ಟು ದಿನದ ನೋಟ ಯಾವ ಲೆಕ್ಕದ್ದು? ಅಥವಾ ನೋಟವೇ ಇರಲಿಲ್ಲವೇ? ಹೊಸಬನೊಬ್ಬ ಬಾಗಿಲು ನೋಡಿದ್ದನ್ನು ತಾನು ತನ್ನನ್ನೇ ನೋಡಿದನೆಂದು ತಿಳಿದಳೇ? ಮೇಡಂ ಹೇಳಿದ್ದೇ ನಿಜವೇನೋ. ಕಂಪ್ಲಿ ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ಕಬ್ಬಿನ ಗದ್ದೆಗಳುದ್ದಕ್ಕೂ ಇದನ್ನೇ ತಿರುವಿ ತಿರುವಿ ಹಾಕಿದಳು. ಒಂದು ಸಲ ಹೌದೆನಿಸಿತು, ಒಂದು ಸಲ ಅಲ್ಲವೆನಿಸಿತು. ಇಳಿಯುವ ಜಾಗ ದಾಟಿ ಮುಂದಿನ ಸ್ಟಾಪಿನಲ್ಲಿ ಇಳಿದಳು.

ಯಲ್ಲಕ್ಕನನ್ನು ಕೇಳಿದಳು. ಜಗತ್ತಿನ ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿದ್ದ ಯಲ್ಲಕ್ಕ ಆ ದಿನ ಪೊರಕೆ ಹಿಡಿದು ಆ ಕಡೆ ತಿರುಗಿದಳು. "ನನ್ನನ್ನ ಕೇಳಬ್ಯಾಡ ತಾಯಿ. ನಾನು ಮಾತು ಕೊಟ್ಟೀನಿ."

"ಯಾರಿಗೆ? ಏನಂತ?"

"ಅದನ್ನ ಹೇಳಿದ್ರ ಮಾತು ಕೊಟ್ಟಂಗ ಹೆಂಗಾತು?"

ಅಷ್ಟಾದ ಮೇಲೆ ಅನ್ನಪೂರ್ಣ ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸಿಕೊಂಡಳು. ಅದರಲ್ಲಿ ಹಾಡೇನೂ ಇರಲಿಲ್ಲ. ಅವನ ಕುರ್ಚಿ ಕಿರುಗುಟ್ಟುವುದು ಕೇಳಬಾರದೆಂದು ಅಷ್ಟೇ. ಹಸಿರು ಹತ್ತಿದ ಕೂಡಲೇ ಮತ್ತೆ ಕೆಂಪು ಒತ್ತಿದಳು. ಎಡಕ್ಕೆ ಒಂದು ಲೋಕವಿದೆ ಎಂಬುದನ್ನೇ ಮರೆತವಳ ಹಾಗೆ ಗೆರೆ ಎಳೆದಳು. ಹಲ್ಲು ಕಚ್ಚಿ, ಕಣ್ಣು ಕೀಲಿಸಿ, ತೂಬಿನ ಮೇಲೆ ತೂಬು. ಶಿವರಾತ್ರಿ ಬಂತು, ಹೋಯಿತು. ಬಿಸಿಲು ಏರಿತು. ಅವಳ ಶೀಟು ಒಂದೂ ವಾಪಸು ಬರಲಿಲ್ಲ.

*

ನಾಲ್ಕನೇ ಶನಿವಾರ, ಫಾಲ್ಗುಣದ ಮಧ್ಯಾಹ್ನ. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಮೇಡಂ ಕಾಗದ ಹಿಡಿದು ನಿಂತರು. ಎರಡು ಸಲ ಓದಿಕೊಂಡರು.

"ಅನ್ನಪೂರ್ಣ, ತೊಂಬತ್ಮೂರು," ಅಂದರು. "ಮೌನೇಶ್..." ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇಪ್ಪತ್ತೆರಡು. ದಿನಕ್ಕ ನಾಲ್ಕು ತಾಸು ಎಡಗಡಿ ಗ್ವಾಡಿ ನೋಡ್ತಾನಂತ. ಏನಪ್ಪಾ ಇದು? ನೀನು ನೋಡಿಕೊಟ್ಟ ಶೀಟಿನಾಗ ಒಂದು ತಪ್ಪು ಉಳಿದಿಲ್ಲ. ಗ್ವಾಡಿ ನೋಡ್ಕೊಂತ ಇಷ್ಟು ಕೆಲಸ ಯಾವಾಗ ಮಾಡಿದಿ?"

"ಹೆಂಗೋ ಆಗೇತ್ರಿ ಮೇಡಂ," ಅಂದ ಮೌನೇಶ್. ಟಿಫಿನ್ ಡಬ್ಬಿ ಚೀಲಕ್ಕೆ ಹಾಕಿಕೊಳ್ಳತೊಡಗಿದ.

"ನಾನು ಅವರಿಗೆ ಹೇಳಿ ನೋಡಿದೆ. ಅವರ ಹತ್ರ ನಂಬರ್ ಐತಿ, ನನ್ನ ಹತ್ರ ಬರೇ ಬಾಯಿ ಐತಿ. ಇವತ್ತ ಕಡೀ ದಿನ ಅಂತ ಬರದಾರ."

ಯಲ್ಲಕ್ಕ ಚಹಾದ ತಟ್ಟೆಯನ್ನು ಟಪ್ಪೆಂದು ಮೇಜಿನ ಮೇಲಿಟ್ಟಳು. "ನಂಗ ಆಗಂಗಿಲ್ಲ ಇನ್ನ. ಮಾತು ತಪ್ಪಿದ್ರ ನರಕ ಆಗ್ಲಿ. ಮೇಡಂ, ಈ ಹುಡುಗ ತಿಂಗಳಿಂದ ಮುಂಜಾನೆ ಆರೂವರಿಗೆ ಬರಾಕತ್ತಾನ. ಕಸ ಹೊಡಿಯಾಕ ನಾನು ಬಾಗಲ ತಗದ್ರ ಇವ ಮೆಟ್ಟಿಲ ಮ್ಯಾಲೆ ಕುಂತಿರ್ತಾನ. ಒಂಬತ್ತೂವರಿ ಒಳಗ ದಿನದ ಕೆಲಸಾ ಎಲ್ಲಾ ಮುಗಿಸ್ತಾನ. ಆ ಕಡ್ಲಿಕಾಳು ಕಣ್ಣು ತಗದ ಮ್ಯಾಲೆ ಗ್ವಾಡಿ ಕಡಿ ತಿರುಗತಾನ. ಯಾಕ ಅಂದ್ರ, 'ಯಾರಾರ ಒಬ್ಬರು ಕೆಳಗ ಇರಬೇಕಲ್ಲ ಯಲ್ಲಕ್ಕ' ಅಂದ."

ಅನ್ನಪೂರ್ಣ ಹೆಡ್‌ಫೋನ್ ತೆಗೆದಿಟ್ಟಳು. ಅದರಲ್ಲಿ ಏನೂ ಇರಲಿಲ್ಲವಲ್ಲ, ಎಲ್ಲ ಕೇಳಿಸಿತ್ತು.

ಒಂದು ಗಳಿಗೆ ಅವಳಿಗೆ ಎದ್ದು ನಿಲ್ಲಬೇಕೋ ಕೂತಿರಬೇಕೋ ತಿಳಿಯಲಿಲ್ಲ. ಅಳು ಬಂತೆಂದುಕೊಂಡಳು, ಅದು ಸಿಟ್ಟಾಗಿತ್ತು. ಸಿಟ್ಟೆಂದುಕೊಂಡಳು, ತುಟಿ ನಗುತ್ತಿತ್ತು.

"ಮೇಡಂ," ಅಂದಳು. "ಆ ಅರವತ್ತೊಂದು ಇತ್ತಲ್ರೀ, ಅದು ಕಿಟಕಿ ನೋಡಿ ಬಂದದ್ದಲ್ಲ."

"ಮತ್ತ?"

"ಕಿಟಕಿಕಿಂತ ಈ ಕಡಿ."

ಮೇಡಂ ಅನ್ನಪೂರ್ಣಳನ್ನು ನೋಡಿದರು, ಕಿಟಕಿ ನೋಡಿದರು, ನಡುವೆ ಚೀಲ ಹಿಡಿದು ನಿಂತವನನ್ನು ನೋಡಿದರು. ನಿಧಾನಕ್ಕೆ ಕೂತರು. "ಅಂದ್ರ ನಾನು ಪರದೆ ಹಾಕಿಸಿದ್ದು ದಂಡ ಆತಲ್ಲ," ಅಂದರು. ಆಮೇಲೆ ಮುಚ್ಚಿದ ಬಾಗಿಲ ಕಡೆ ಕೈ ತೋರಿಸಿದರು. "ಹೊರಗ ಹೋಗಿ ಮಾತಾಡ್ರಿ. ಇಲ್ಲಿ ಇನ್ನಿಬ್ಬರ ನಂಬರ್ ಬೀಳತೈತಿ."

ಮೆಟ್ಟಿಲಲ್ಲಿ ಬಿಸಿಲು ಬಿದ್ದಿತ್ತು. ಮೌನೇಶ್ ಒಂದು ಮೆಟ್ಟಿಲು ಕೆಳಗೆ ನಿಂತ. ಅವಳ ಮುಖಕ್ಕೆ ಅವನ ಮುಖ ಸಮನಾಯಿತು.

"ನನ್ನ ಯಾಕ ಕೇಳಲಿಲ್ಲ?" ಅಂದಳು. "ನನ್ನ ಕೈಲಿ ಆಗೋದಿಲ್ಲ ಅಂದ್ಕೊಂಡ್ರೇನು? ನೀವು ಕೆಳಗ ಇಳಿದ್ರಷ್ಟ ನಾನು ಮ್ಯಾಲೆ ಇರ್ತೀನಿ ಅಂತ?"

"ಇಲ್ರೀ. ತೊಂಬತ್ಮೂರು ನಿಮ್ಮದ. ಅದರಾಗ ನನ್ನದೇನಿಲ್ಲ."

"ನನ್ನದೂ ಅಲ್ಲ. ನಿಮ್ಮ ಮ್ಯಾಲಿನ ಸಿಟ್ಟಿಂದು ಅದು."

"ಹಂಗಾದ್ರ ಸಿಟ್ಟು ನಿಮ್ಮದ ಅಲ್ಲೇನ್ರಿ?"

ಅವನೇ ಮುಂದುವರಿಸಿದ. ಅಷ್ಟು ಉದ್ದದ ಮಾತು ಅವನ ಬಾ‍ಯಿಂದ ಯಾವತ್ತೂ ಬಂದಿರಲಿಲ್ಲ. "ನನ್ನ ಕಣ್ಣು ನಿಮ್ಮ ಕಡಿ ಬಂದ್ರ ನಿಮ್ಮ ಕಣ್ಣೂ ಬರ್ತಿದ್ವು. ಮಾತಾಡಿಸಿದ್ರ ಆಮ್ಯಾಲಿನ ಐವತ್ತು ನಿಮಿಷ ಇಬ್ಬರದೂ ಹಾಳು. ಹೇಳಿದ್ರ ನೀವು ಒಪ್ತಿದ್ದಿಲ್ಲ. ಹಿಂದ ಇದ್ದ ಕಾರ್ಖಾನ್ಯಾಗ ನನಗ ಮತ್ತ ಬಾ ಅಂದಾರ. ಪ್ಯಾನೆಲ್ ಎಲ್ಲಿದ್ರೂ ಪ್ಯಾನೆಲ್. ಕಂಪ್ಲಿ ತೂಬಿನ ಹೆಸರು ಇಲ್ಲೊಬ್ಬರಿಗೇ ಗೊತ್ತು." ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಆದ್ರ ಭಾಳ ಕಷ್ಟ ಆತ್ರಿ. ನಾಲ್ಕು ತಾಸು ಟ್ರ್ಯಾಕ್ಟರ್ ನೋಡೋದು."

ಅವಳು ನಕ್ಕುಬಿಟ್ಟಳು. ನಗುತ್ತಲೇ ವೇಲಿನ ತುದಿಯಿಂದ ಕಣ್ಣೊರೆಸಿಕೊಂಡಳು. "ನಿಮಗ ಮದಿವಿ ಗೊತ್ತಾಗೇತಿ ಅಂದ್ಕೊಂಡಿದ್ದೆ ನಾನು."

"ಯಾರ ಕೂಡ?"

"ಯಾರಿಗೆ ಗೊತ್ತು? ಉಗಾದಿ, ಉಗಾದಿ ಅಂತಿದ್ರಿ."

"ಉಗಾದಿಗೆ ನಿಮ್ಮ ಶೀಟು ಬರ್ತಾವಲ್ರೀ. ಅದನ್ನ ಎಣಿಸ್ತಿದ್ದೆ." ಅವನು ಈಗ ಅವಳನ್ನು ನೇರವಾಗಿ ನೋಡಿದ. ತಿಂಗಳಿಂದ ಕೂಡಿಟ್ಟದ್ದನ್ನೆಲ್ಲ ಒಂದೇ ಸಲ ನೋಡುವವನ ಹಾಗೆ. "ಅವು ಮುಗಿದ ಮ್ಯಾಲೆ ನಮ್ಮವ್ವನ್ನ ಕರ್ಕೊಂಡು ನಿಮ್ಮ ಮನಿಗೆ ಬರ್ಲೇನು?"

"ಬ್ಯಾಡ," ಅಂದಳು ಅನ್ನಪೂರ್ಣ.

ಅವನ ಮುಖ ಸಪ್ಪಗಾಯಿತು.

"ಮುಗಿದ ಮ್ಯಾಲೆ ಬ್ಯಾಡ. ಶೀಟು ಮುಗಿದ್ರ ಅಕ್ಕ ಮತ್ತ ಫೋಟೊ ಕಳಿಸಾಕ ಶುರು ಮಾಡ್ತಾಳ. ಹಬ್ಬದ ಮರುದಿನಾನ ಬರ್ರಿ. ಮದಿವಿ ಮಾತು ಎತ್ತಬ್ಯಾಡ ಅಂತ ನಾನು ಅವ್ವಗ ಹೇಳಿದ್ದೆ. ನಿಮಗ ಹೇಳಿಲ್ಲ."

ಅವನು ಕೈ ಚಾಚಿದನೋ ಅವಳು ಚಾಚಿದಳೋ, ಇದು ಇನ್ನೊಂದು ಬಗೆಹರಿಯದ ವ್ಯಾಜ್ಯ. ಎರಡು ಕೈ ಒಂದಾಗಿ ಸುಮಾರು ಹೊತ್ತು ಇದ್ದವು. ಮೇಲಿಂದ ಯಲ್ಲಕ್ಕ ಕೆಮ್ಮಿದಳು, ಚಹಾ ಆರುತ್ತಿದೆ ಎಂದಳು. ಇಬ್ಬರಿಗೂ ಕೇಳಿಸಲಿಲ್ಲ.

*

ಹಬ್ಬದ ಮರುದಿನ ಮೌನೇಶನ ತಾಯಿ ಉಚ್ಚೆಂಗಮ್ಮ ಕಂಪ್ಲಿಗೆ ಬಂದು ಚಾಪೆಯ ಮೇಲೆ ಕೂತಳು. ಅನ್ನಪೂರ್ಣಳ ತಾಯಿ ಹೊನ್ನೂರಮ್ಮ ಹೋಳಿಗೆ ಇಟ್ಟು, ಬಳಗ ವಿಚಾರಿಸುತ್ತಾ ವಿಚಾರಿಸುತ್ತಾ ಎರಡು ತಲೆಮಾರಿನ ಹಿಂದಿನ ಒಂದು ನಂಟು ಹುಡುಕಿ ತೆಗೆದಳು. ಬಳ್ಳಾರಿಯಿಂದ ಸುಮಲತಾ ಫೋನು ಮಾಡಿ, ಹುಡುಗನ ಫೋಟೊ ಕಳಿಸು ಎಂದಳು. ಅನ್ನಪೂರ್ಣ ಕಳಿಸಿದಳು. ಕಾರು ಇಲ್ಲವಲ್ಲ ಎಂದು ಅಕ್ಕ ಒಂದು ದಿನ ಮುನಿಸಿಕೊಂಡು ಸುಮ್ಮನಾದಳು.

ಕಂಪ್ಲಿಯ ಶೀಟುಗಳನ್ನು ಅನ್ನಪೂರ್ಣ ಚೈತ್ರವಿಡೀ ಬರೆದಳು. ಒಟ್ಟು ನಲವತ್ಮೂರು ತೂಬು. ಪ್ರತಿಯೊಂದರ ಮುಂದೆ ನಂಬರು, ನಂಬರಿನ ಪಕ್ಕ ಗುಡ್ಡಪ್ಪ ಕರೆಯುತ್ತಿದ್ದ ಹೆಸರು. ಮೇಲಿನವರು ಹೆಸರು ಯಾಕೆಂದು ಕೇಳಿದರು. ಚೆನ್ನಬಸಮ್ಮ ಮೇಡಂ, ಊರವರು ಹಾಗೆಯೇ ಕರೆಯುತ್ತಾರೆ, ಇರಲಿ ಎಂದು ಬರೆದು ಕಳಿಸಿದರು. ಹೆಸರುಗಳು ಉಳಿದವು. ಆ ತಿಂಗಳು ಅವಳ ನಂಬರು ಎಂಬತ್ತೊಂದು. ಕಣ್ಣು ಯಾವ ಕಡೆಗೆ ಹೋಗುತ್ತಿತ್ತೆಂದು ಮೇಡಂ ಓದಿ ಹೇಳಲಿಲ್ಲ. ಎಡಗಡೆಯ ಮೇಜು ಖಾಲಿಯಿತ್ತು.

ಮೌನೇಶ್ ಹೊಸಪೇಟೆಯ ಆ ಆಫೀಸು ಬಿಟ್ಟು ಹೋದದ್ದು ಫಾಲ್ಗುಣದ ಆ ಶನಿವಾರ, ನಾಲ್ಕೂವರೆಯ ತೋರಣಗಲ್ಲಿನ ಬಸ್ಸಿಗೆ. ಅನ್ನಪೂರ್ಣ ಕಂಪ್ಲಿಯ ಮನೆಯಿಂದ ಮಡಿಲು ತುಂಬಿಸಿಕೊಂಡು ಹೊರಟದ್ದು ವೈಶಾಖದಲ್ಲಿ, ಒಂದು ಗುರುವಾರ.